ಅರಸೀಕೆರೆಯ ಟೈರ್ ಅಂಗಡಿಯಿಂದ ಬೇಲೂರಿನ ಕಂಬದವರೆಗೆ

ಅರಸೀಕೆರೆ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗೋದು ರೈಲ್ವೆ ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ಗಾಡಿ, ಹಾಸನ, ಮೈಸೂರು ಕಡೆ ತಿರುಗುವ ಗಾಡಿ, ಎಲ್ಲವೂ ಇಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತವೆ. ಪ್ರವಾಸಿಗರೂ ಅಷ್ಟೇ, ಕಾಫಿ ಕುಡಿದು ಬೇಲೂರು, ಹಳೇಬೀಡಿನ ದಾರಿ ಹಿಡಿಯುತ್ತಾರೆ. ಊರೊಳಗೇ ಇರುವ ಹೊಯ್ಸಳರ ಕಾಲದ ಈಶ್ವರ ದೇವಾಲಯವನ್ನು, ಅದರ ನಕ್ಷತ್ರಾಕಾರದ ಮಂಟಪವನ್ನು ನೋಡದೇ ಹೋಗುವವರೇ ಹೆಚ್ಚು. ಅದು ಬೇರೆ ಮಾತು. ಇವತ್ತು ನಾನು ಹೇಳಹೊರಟಿರೋದು ಈ ಊರಿನ ಇನ್ನೊಂದು ವಿಷಯ. ಹೆದ್ದಾರಿ ಪಕ್ಕದಲ್ಲಿ ಹಳೇ ಟೈರುಗಳನ್ನು ಗೋಪುರದ ಹಾಗೆ ಪೇರಿಸಿಟ್ಟುಕೊಂಡಿರುವ ಅಂಗಡಿಗಳದ್ದು.

ರಸ್ತೆ ಲೆಕ್ಕದಲ್ಲೂ ಅರಸೀಕೆರೆ ಜಂಕ್ಷನ್ನೇ. ತುಮಕೂರು, ತಿಪಟೂರು ಕಡೆಯಿಂದ ಬಂದ ಹೆದ್ದಾರಿ ಬಾಣಾವರ, ಕಡೂರು ದಾಟಿ ಶಿವಮೊಗ್ಗಕ್ಕೆ ಹೋಗುತ್ತದೆ. ಒಂದು ದಾರಿ ಹಾರನಹಳ್ಳಿ ಮೇಲೆ ಹಾಸನಕ್ಕೆ. ಇನ್ನೊಂದು ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ ಅಂತ ಹತ್ತಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ. ತೆಂಗಿನಕಾಯಿ, ಕೊಬ್ಬರಿ ಹೊತ್ತ ಲಾರಿಗಳು ಹಗಲೂ ರಾತ್ರಿ ಓಡುವ ಜಾಗ. ಹಾಗಾಗಿ ಇಲ್ಲಿನ ಟೈರ್ ಅಂಗಡಿಯವರು ಟೈರ್ ನೋಡಿ ಗಾಡಿಯ ಜಾತಕ ಹೇಳಬಲ್ಲರು. ಒಳಅಂಚು ಸವೆದಿದ್ದರೆ ಒಂದು ಕಾಯಿಲೆ, ಹೊರಅಂಚು ಸವೆದಿದ್ದರೆ ಇನ್ನೊಂದು, ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ.

ಇಂಥದ್ದೊಂದು ಅಂಗಡಿಗೆ ನಮ್ಮ ಅಣ್ಣನ ಮಗನ ಜೊತೆ ಹೋಗಬೇಕಾಗಿ ಬಂತು. ಅವನಿಗೆ ‘ಟ್ರ್ಯಾಕ್ ಡೇ’ ಹುಚ್ಚು. ಗೊತ್ತಿಲ್ಲದವರಿಗೆ ಹೇಳ್ತೀನಿ: ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ರೇಸ್ ನಡೆಯುವ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ದುಡ್ಡು ಕಟ್ಟಿದವರು ತಮ್ಮ ತಮ್ಮ ಕಾರು, ಬೈಕ್ ತಂದು ಸುತ್ತು ಹೊಡೆಯೋದು. ಬಹುಮಾನ ಇಲ್ಲ, ಗೆಲುವು ಸೋಲು ಇಲ್ಲ. ಎದುರಿನಿಂದ ಗಾಡಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಬಾವುಟ ಹಿಡಿದವರು, ಆಂಬುಲೆನ್ಸ್ ಇರುತ್ತಾರೆ. ನಮ್ಮ ಕಡೆಯ ಕಾರಿನವರು ಇದಕ್ಕೆ ಹೆಚ್ಚಾಗಿ ಹೋಗೋದು ತಮಿಳುನಾಡಿಗೆ. ಚೆನ್ನೈ ಹತ್ತಿರ ಶ್ರೀಪೆರಂಬುದೂರಿನ ಬಳಿ ಇರುಂಗಾಟುಕೋಟೈ ಅಂತ ಒಂದು ಊರು. ಅಲ್ಲಿನ ಟ್ರ್ಯಾಕ್ 1990ರಿಂದ ಇದೆ. ಸುಮಾರು 3.7 ಕಿ.ಮೀ. ಉದ್ದ, 12 ತಿರುವು. ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಅಂತ ಇದೆ, ಅದು ಇನ್ನೂ ಚಿಕ್ಕದು. ಫಾರ್ಮುಲಾ ಒನ್ ರೇಸ್ 2011ರಿಂದ 2013ರವರೆಗೆ ಮೂರು ವರ್ಷ ನಡೆಯಿತಲ್ಲ, ಆ ಬುದ್ಧ ಸರ್ಕಿಟ್ ಇರೋದು ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ.

ಹುಡುಗನಿಗೆ ಶ್ರೀಪೆರಂಬುದೂರಿಗೆ ಹೋಗುವ ಆಸೆ. ಮನೆಯಲ್ಲಿ ತಕರಾರು ಎದ್ದದ್ದು ದುಡ್ಡಿನ ಬಗ್ಗೆ ಅಲ್ಲ, ಕಾರಿನ ಬಗ್ಗೆ. ಮನೆಗೆ ಇರೋದು ಒಂದೇ ಕಾರು, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅದೇ ಕಾರಿನಲ್ಲಿ ನಮ್ಮಮ್ಮನನ್ನು ತಿಂಗಳಿಗೊಮ್ಮೆ ಹಾಸನಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಟ್ರ್ಯಾಕಿಗೆ ಬೇಕಾದ ಮೆತ್ತನೆಯ ಟೈರ್ ಹಾಕಿ, ಚಕ್ರದ ಕೋನ ಬದಲಿಸಿಬಿಟ್ಟರೆ ಮರುದಿನ ಮಳೆಯಲ್ಲಿ ಅದೇ ಕಾರಿನಲ್ಲಿ ಅಜ್ಜಿ ಕೂರಬೇಕಲ್ಲ, ಆಗ ಏನು ಗತಿ ಅನ್ನೋದು ಅಣ್ಣನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಹುಡುಕಿಕೊಂಡು ನಾವು ಅಂಗಡಿಗೆ ಹೋದೆವು, ಆಮೇಲೆ ಕಾರಿನ ಗುಣ ನೋಡೋಣ ಅಂತ ಬೇಲೂರಿನವರೆಗೂ ಹೋದೆವು.

ಮೊದಲು ಅಲೈನ್‌ಮೆಂಟ್ ವಿಷಯ. ಬೋರ್ಡಿನಲ್ಲಿ ‘ವೀಲ್ ಅಲೈನ್‌ಮೆಂಟ್’ ಅಂತ ಒಂದೇ ಮಾತಿನಲ್ಲಿ ಬರೆದಿದ್ದರೂ ಒಳಗೆ ಮೂರು ಲೆಕ್ಕ ಇವೆ. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದೆಯೋ ಹೊರಕ್ಕೆ ವಾಲಿದೆಯೋ ಅನ್ನೋದು ಕ್ಯಾಂಬರ್. ಒಳಕ್ಕೆ ವಾಲಿದ್ದರೆ ನೆಗೆಟಿವ್. ಮೇಲಿನಿಂದ ನೋಡಿದಾಗ ಎರಡೂ ಚಕ್ರದ ಮೂತಿ ಒಂದನ್ನೊಂದು ನೋಡುತ್ತಿದೆಯೋ, ಮುನಿಸಿಕೊಂಡ ಹಾಗೆ ಆಚೆಗೆ ತಿರುಗಿದೆಯೋ ಅನ್ನೋದು ಟೋ. ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ಒರಗಿದೆ ಅನ್ನೋದು ಕ್ಯಾಸ್ಟರ್. ತಿರುಗಿಸಿದ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಕ್ಕೆ ಮುಖ್ಯ ಕಾರಣ ಈ ಕ್ಯಾಸ್ಟರ್.

ರಸ್ತೆಯ ಕಾರಿಗೆ ಕ್ಯಾಂಬರ್ ಸೊನ್ನೆಯ ಆಸುಪಾಸಿನಲ್ಲಿ, ಅರ್ಧ ಡಿಗ್ರಿ ನೆಗೆಟಿವ್‌ನಷ್ಟು ಇದ್ದರೆ ಸಾಕು. ಟ್ರ್ಯಾಕಿಗೆ ಹೋಗುವವರು ಮುಂದಿನ ಚಕ್ರಕ್ಕೆ ಎರಡು, ಮೂರು ಡಿಗ್ರಿ ನೆಗೆಟಿವ್ ಇಡುವುದುಂಟು. ಯಾಕೆ ಅಂದರೆ, ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತದೆ, ಅದರ ಜೊತೆ ಹೊರಗಡೆಯ ಚಕ್ರವೂ ವಾಲಿ ಟೈರಿನ ಹೊರಅಂಚಿನ ಮೇಲೆ ನಿಲ್ಲುತ್ತದೆ. ಆಗ ನೆಲಕ್ಕೆ ಅಂಟುವ ಜಾಗ ಕಮ್ಮಿಯಾಗುತ್ತದೆ. ಮೊದಲೇ ಚಕ್ರವನ್ನು ಒಳಕ್ಕೆ ವಾಲಿಸಿಟ್ಟಿದ್ದರೆ, ಕಾರು ವಾಲಿದಾಗ ಟೈರ್ ಪೂರ್ತಿ ಅಗಲವಾಗಿ ಕೂರುತ್ತದೆ. ಆದರೆ ನೇರ ಹೆದ್ದಾರಿಯಲ್ಲಿ ಅದೇ ಟೈರ್ ಒಳಅಂಚಿನ ಮೇಲೆ ಓಡುತ್ತದೆ. ಬ್ರೇಕ್ ಹಿಡಿತವೂ ಸ್ವಲ್ಪ ಕಮ್ಮಿ.

ನಿಜವಾಗಿ ಟೈರನ್ನು ತಿಂದುಹಾಕೋದು ಕ್ಯಾಂಬರ್‌ಗಿಂತ ಟೋ. ಒಂದು ಚಕ್ರ ಬರೀ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಸೊಟ್ಟಗಿದೆ ಅಂತಿಟ್ಟುಕೊಳ್ಳಿ. ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಅದು ಸುಮಾರು ಒಂದೂಮುಕ್ಕಾಲು ಮೀಟರ್ ಪಕ್ಕಕ್ಕೆ ಉಜ್ಜಿರುತ್ತದೆ. ಅರಸೀಕೆರೆಯಿಂದ ಶ್ರೀಪೆರಂಬುದೂರಿಗೆ ಹೋಗಿ ಬಂದರೆ 900 ಕಿ.ಮೀ. ದಾಟುತ್ತದೆ. ಅಂದರೆ ಆ ಟೈರನ್ನು ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು ದೂರ ಅಡ್ಡಡ್ಡ ಎಳೆದ ಹಾಗೆ! ತಿರುವಿನಲ್ಲಿ ಚುರುಕಾಗಿ ತಿರುಗಲಿ ಅಂತ ಟ್ರ್ಯಾಕಿನವರು ಮುಂದಿನ ಚಕ್ರಗಳ ಮೂತಿಯನ್ನು ಚೂರು ಹೊರಕ್ಕೆ ತಿರುಗಿಸಿಡುತ್ತಾರೆ. ಟ್ರೈಲರ್ ಮೇಲೆ ಕಾರು ಹೇರಿಕೊಂಡು ಹೋಗುವವರಿಗೆ ಅದು ಸರಿ. ಓಡಿಸಿಕೊಂಡೇ ಹೋಗಿ ಓಡಿಸಿಕೊಂಡೇ ಬರುವವರಿಗೆ ದುಬಾರಿ, ಮೇಲಾಗಿ ಹೆದ್ದಾರಿಯಲ್ಲಿ ಸ್ಟೀರಿಂಗ್ ನೆಟ್ಟಗೆ ನಿಲ್ಲದೆ ಚಡಪಡಿಸುತ್ತದೆ.

ನಮ್ಮೂರಿನ ತೇರು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತೇರಿಗೆ ಸ್ಟೀರಿಂಗ್ ಇಲ್ಲ. ಚಕ್ರದ ಕೆಳಗೆ ಮರದ ಅಡೆ ಕೊಟ್ಟು, ಸನ್ನೆಗೋಲು ಹಾಕಿ ಮೀಟಿ, ಅಷ್ಟಷ್ಟೇ ದಿಕ್ಕು ಬದಲಿಸುತ್ತಾರೆ. ಅಡೆ ಒಂದು ಬೆರಳು ಆಚೀಚೆಯಾದರೂ ಅಷ್ಟು ದೊಡ್ಡ ತೇರು ಬೀದಿ ಬಿಟ್ಟು ಮನೆಯ ಜಗಲಿ ಕಡೆ ಮುಖ ಮಾಡುತ್ತದೆ. ಚಕ್ರದ ಸಣ್ಣ ಸೊಟ್ಟ ದೂರದಲ್ಲಿ ದೊಡ್ಡದಾಗುತ್ತದೆ, ಅಷ್ಟೇ.

ಅಂಗಡಿಯಲ್ಲಿ ಗೊತ್ತಾದ ಇನ್ನೊಂದು ಸಂಗತಿ: ಬಹುತೇಕ ಚಿಕ್ಕ ಕಾರುಗಳಲ್ಲಿ ಕಂಪನಿ ಕೊಟ್ಟಿರುವ ವ್ಯವಸ್ಥೆಯಲ್ಲಿ ತಿದ್ದಲಿಕ್ಕೆ ಬರೋದು ಮುಂದಿನ ಟೋ ಮಾತ್ರ. ಹಿಂದಿನ ಅಚ್ಚು ಒಂದೇ ತುಂಡು, ಅದರ ಕೋನ ಬದಲಾಗದು. ಮುಂದಿನ ಕ್ಯಾಂಬರ್ ಬದಲಿಸಬೇಕು ಅಂದರೆ ಕ್ಯಾಂಬರ್ ಬೋಲ್ಟ್ ಅನ್ನೋ ಬೇರೆ ಬೋಲ್ಟ್ ಹಾಕಬೇಕು, ಅದರಿಂದ ಒಂದು, ಒಂದೂವರೆ ಡಿಗ್ರಿ ಸಿಗುತ್ತದೆ. ಕ್ಯಾಂಬರ್ ಬದಲಿಸಿದರೆ ಟೋ ಕೂಡ ಕೆಡುತ್ತದೆ, ಅದನ್ನು ಮತ್ತೆ ಹೊಂದಿಸಲೇಬೇಕು. ಇನ್ನು ಬಾಲ್ ಜಾಯಿಂಟ್, ಬುಷ್ ಸವೆದು ಲಟಪಟ ಅನ್ನುತ್ತಿರುವ ಕಾರಿಗೆ ಎಷ್ಟು ನಿಖರವಾಗಿ ಅಲೈನ್‌ಮೆಂಟ್ ಮಾಡಿದರೂ ಮೊದಲ ಹಳ್ಳಕ್ಕೇ ಅದು ಮುಗಿಯಿತು. ಮೊದಲು ಚಕ್ರ ಅಲ್ಲಾಡಿಸಿ ನೋಡಬೇಕು, ನಾಲ್ಕೂ ಟೈರಿನ ಗಾಳಿ ಸಮ ಮಾಡಬೇಕು, ಆಮೇಲೆ ಮಿಷನ್. ನಮ್ಮ ಅಂಗಡಿಯವರು ಆ ಕ್ರಮದಲ್ಲೇ ಮಾಡಿದರು. ಟೋ ಸೊನ್ನೆಗೆ ತಂದು ಕೊಟ್ಟು, ಹೋಗಿ ಓಡಿಸಿ ನೋಡಿ ಅಂದರು.

ಅರಸೀಕೆರೆಯಿಂದ ಬೇಲೂರಿಗೆ 60 ಕಿ.ಮೀ. ಆಸುಪಾಸು. ಟೈರಿಗೆ ಪರೀಕ್ಷೆ ಕೊಡಲು ಇಷ್ಟು ಚೆನ್ನಾದ ದಾರಿ ಇನ್ನೊಂದಿಲ್ಲ ಅನ್ನಿಸಿತು. ಬಾಣಾವರದವರೆಗೆ ತೆಂಗಿನ ತೋಟ, ರಾಗಿ ಹೊಲ, ಒಣ ಗಾಳಿ. ಜಾವಗಲ್ ಬಂತು. ಕ್ರಿಕೆಟ್ಟಿನ ಶ್ರೀನಾಥ್ ಹೆಸರಿನ ಮುಂದಿರುವ ಊರು. ಇಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವೂ ಇದೆ. ಅಲ್ಲಿಂದ ಹಳೇಬೀಡಿನ ಕಡೆ ಹೋಗ್ತಾ ಹೋಗ್ತಾ ಹಸಿರು ಹೆಚ್ಚುತ್ತದೆ, ಮಳೆಗಾಲವಾದರೆ ರಸ್ತೆಯ ಬಣ್ಣವೂ ಬದಲಾಗುತ್ತದೆ. ಹಿಂದೆ ಧೂಳು, ಮುಂದೆ ತೇವ. ಬೇಲೂರು ಮಲೆನಾಡಿನ ಹೊಸ್ತಿಲು. ಒಂದೂವರೆ ಗಂಟೆಯಲ್ಲಿ ಎರಡು ಹವಾಮಾನ.

ನಡುವೆ ಕಣ್ಣಿಗೆ ಕಾಣುವಷ್ಟು ದೂರ ನೇರವಾದ ರಸ್ತೆ ಸಿಕ್ಕಾಗ ಹುಡುಗನ ಪಾದ ಭಾರವಾಗಿದ್ದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಹಿಂದಿನ ದೀಪ ಇಲ್ಲದ ಟ್ರ್ಯಾಕ್ಟರ್, ಅದರ ಹಿಂದೆ ಹಗ್ಗ ಹಿಡಿದು ಎಮ್ಮೆ ದಾಟಿಸುತ್ತಿದ್ದ ಒಬ್ಬ ಅಜ್ಜಿ. ಅವನೇ ಕಾಲು ತೆಗೆದ. ರಸ್ತೆಗೂ ಟ್ರ್ಯಾಕಿಗೂ ಇರುವ ವ್ಯತ್ಯಾಸ ಅದೇ ನೋಡಿ. ಟ್ರ್ಯಾಕಿನಲ್ಲಿ ಅದೇ ತಿರುವು ಮತ್ತೆ ಮತ್ತೆ ಬರುತ್ತದೆ, ಈ ಸಲ ತಪ್ಪಿದ್ದನ್ನು ಮುಂದಿನ ಸುತ್ತಿನಲ್ಲಿ ತಿದ್ದಬಹುದು. ಇಲ್ಲಿ ಪ್ರತಿ ತಿರುವಿನ ಆಚೆಗೂ ಯಾರೋ ಒಬ್ಬರ ಮನೆಯವರು ಬರ್ತಾ ಇರ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೊಸದಾಗಿ ಅಗಲವಾಗುತ್ತಿರುವ ನಮ್ಮ ಹೆದ್ದಾರಿಗಳಲ್ಲಿ ಬೈಕ್ ಹುಡುಗರ ಆಟ ನೋಡಿದಾಗ, ಇವರೆಲ್ಲ ವರ್ಷಕ್ಕೊಂದು ದಿನ ಟ್ರ್ಯಾಕಿಗೆ ಹೋಗಲಿ ಅಂತಲೇ ಅನಿಸುತ್ತದೆ. ಆಸೆ ತೀರುವ ಜಾಗ ಅದು.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯ ಗೋಡೆಯ ಪಟ್ಟಿಕೆಗಳನ್ನು ನಿಧಾನವಾಗಿ ನೋಡಿದೆವು. ರಾಮಾಯಣ, ಮಹಾಭಾರತದ ಕಥೆ ಹೇಳುವ ಸಾಲಿನಲ್ಲಿ ರಥಗಳೂ ಇವೆ, ಅವುಗಳ ಚಕ್ರದ ಅರೆಕಾಲುಗಳೂ ಇವೆ. ಬಳಪದ ಕಲ್ಲು ಹಿಡಿದ ಕೆಲಸವನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದೆ! ನನ್ನ ಕಣ್ಣು ನಿಂತದ್ದು ಒಳಗಿನ ಕಂಬಗಳ ಮೇಲೆ. ಲೇತ್ ಮೇಲೆ ತಿರುಗಿಸಿ ಕಡೆದ ಕಂಬಗಳು. ಉಂಗುರದ ಮೇಲೆ ಉಂಗುರ, ಕನ್ನಡಿಯಂಥ ನುಣುಪು. ಎಂಟುನೂರು ಚಿಲ್ಲರೆ ವರ್ಷದ ಹಿಂದೆ ಅಷ್ಟು ಭಾರದ ಕಲ್ಲನ್ನು ನಡು ತಪ್ಪದೆ ತಿರುಗಿಸಿದ್ದಾರೆ. ಚಕ್ರದ ಬ್ಯಾಲೆನ್ಸಿಂಗ್‌ಗೆ ಐದು, ಹತ್ತು ಗ್ರಾಂ ಸೀಸದ ತುಂಡು ಅಂಟಿಸುವ ಅಂಗಡಿಯಿಂದ ನೇರ ಇಲ್ಲಿಗೆ ಬಂದವರಿಗೆ ಅದರ ಬೆಲೆ ತಿಳಿಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದವು.

ಗುಡಿಯ ಹೊರಗೆ ಮರದ ನೆರಳಲ್ಲಿ ಕಾರು ನಿಲ್ಲಿಸಿ ಟೈರಿನ ಮಾತು ಮುಂದುವರಿಯಿತು. ಇವರ ಕಾರಿನ ಟೈರಿನ ಮೇಲೆ 185/65 ಆರ್15 88 ಎಚ್ ಅಂತ ಇದೆ. 185 ಅಂದರೆ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 65. ಆರ್ ಅಂದರೆ ರೇಡಿಯಲ್, 15 ಅಂದರೆ ರಿಮ್ಮಿನ ಇಂಚು. 88 ಅನ್ನೋದು ಒಂದು ಟೈರ್ 560 ಕೆ.ಜಿ. ಹೊರಬಲ್ಲದು ಅನ್ನೋ ಸಂಕೇತ. ಎಚ್ ಅಂದರೆ ಗಂಟೆಗೆ 210 ಕಿ.ಮೀ.ವರೆಗಿನ ವೇಗ ತಡೆಯುತ್ತದೆ ಅಂತ. ಟೈರ್ ಬದಲಿಸುವಾಗ ಈ ಕೊನೆಯ ಎರಡು ಗುರುತು ಮೊದಲಿದ್ದಕ್ಕಿಂತ ಕಮ್ಮಿ ಆಗಲೇಬಾರದು. ಹುಡುಗ 195/55 ಹಾಕುವ ಯೋಚನೆಯಲ್ಲಿದ್ದ. ಲೆಕ್ಕ ಹಾಕಿದರೆ ಆಗ ಚಕ್ರದ ಎತ್ತರ ಶೇಕಡಾ ನಾಲ್ಕಕ್ಕೂ ಹೆಚ್ಚು ತಗ್ಗುತ್ತದೆ. ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ನಮ್ಮ ರಸ್ತೆಯ ಹಂಪಿಗೆ ಹೊಟ್ಟೆ ತಾಗುತ್ತದೆ. 195/60 ಆದರೆ ವ್ಯತ್ಯಾಸ ಶೇಕಡಾ ಒಂದರಷ್ಟು ಮಾತ್ರ. ರಿಮ್ಮಿನ ಅಗಲ ಒಪ್ಪುವ ಹಾಗಿದ್ದರೆ ಅದು ಸರಿ. ಇನ್ನೊಂದು ನಾಲ್ಕಂಕಿಯ ಗುರುತು ಇರುತ್ತದೆ. 2324 ಅಂತಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟೈರ್ ಅಂತ ಕೊಟ್ಟರೂ ಇದನ್ನು ಓದದೆ ದುಡ್ಡು ಕೊಡಬೇಡಿ.

ಟ್ರ್ಯಾಕಿಗಾಗಿಯೇ ಮಾಡಿದ ಟೈರ್ ಬೇರೆ ಥರ. ರಬ್ಬರು ಮೆತ್ತಗೆ, ಗೀರು ಕಮ್ಮಿ. ಬಿಸಿಯಾದಾಗ ಅಂಟಿನ ಹಾಗೆ ಹಿಡಿಯುತ್ತದೆ. ಆದರೆ ತಣ್ಣಗಿರುವಾಗ ಆ ಹಿಡಿತ ಇಲ್ಲ, ಗೀರು ಕಮ್ಮಿಯಾದ್ದರಿಂದ ಮಳೆನೀರನ್ನು ಹೊರಗೆ ತಳ್ಳುವ ಶಕ್ತಿಯೂ ಕಮ್ಮಿ, ಬೇಗ ಸವೆಯುತ್ತದೆ. ಬೇಲೂರಿನಿಂದ ಆಚೆ ಚಾರ್ಮಾಡಿಯ ಜಡಿಮಳೆಯಲ್ಲಿ ಅಂಥ ಟೈರನ್ನು ನೆನೆಸಿಕೊಳ್ಳೋದೂ ಬೇಡ. ಇಲ್ಲಿಂದ ಹತ್ತಿರದ ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಮಣ್ಣುದಾರಿಗಳಲ್ಲಿ ರ‍್ಯಾಲಿ ನಡೆಯುತ್ತದೆ. 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದ ಗೌರವ್ ಗಿಲ್ ಇಲ್ಲಿನ ಮಣ್ಣಿನ ಮೇಲೂ ಓಡಿಸಿದವರು. ಆ ಕಾರುಗಳ ಟೈರ್ ಇನ್ನೂ ಬೇರೆ. ದಪ್ಪ ಗಟ್ಟಿ ಗುಬ್ಬಿಗಳು, ಕಲ್ಲು ಹೊಡೆದರೂ ಹರಿಯದ ಪಕ್ಕದ ಗೋಡೆ. ಎಲ್ಲ ಕೆಲಸಕ್ಕೂ ಒಂದೇ ಟೈರ್ ಅನ್ನೋದು ಇಲ್ಲ. ಕೈಲಾದವರು ಟ್ರ್ಯಾಕಿಗೆ ಅಂತಲೇ ಇನ್ನೊಂದು ಜೊತೆ ರಿಮ್ಮು, ಟೈರ್ ಇಟ್ಟುಕೊಳ್ಳುತ್ತಾರೆ. ಕೈಲಾಗದವರು ಒಳ್ಳೆಯ ರಸ್ತೆ ಟೈರನ್ನೇ ಸರಿಯಾಗಿ ಬಳಸುವುದನ್ನು ಕಲಿಯಬೇಕು.

ಬೇಲೂರಿನಲ್ಲಿ ಚೆನ್ನಕೇಶವನ ಗುಡಿಯ ನರಸಿಂಹ ಕಂಬದ ಮುಂದೆ ನಿಂತಾಗ ಗೈಡ್ ಹೇಳುತ್ತಿದ್ದರು, ಹಿಂದೆ ಈ ಕಂಬ ತನ್ನ ಅಕ್ಷದ ಮೇಲೆ ತಿರುಗುತ್ತಿತ್ತಂತೆ. ಈಗ ತಿರುಗುವುದಿಲ್ಲ. ಹುಡುಗ ಬಹಳ ಹೊತ್ತು ಅದರ ಬುಡ ನೋಡಿದ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಗುಡಿ. ಪ್ರಾಕಾರದ ಕಲ್ಲಿನ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿ ತನ್ನ ತೀರ್ಮಾನ ಹೇಳಿದ. ಹೊಸ ಟೈರ್ ಬೇಡ. ಈಗಿರುವ ಟೈರಿನ ಗೀರು ಇನ್ನೂ ಆಳವಾಗಿದೆ, ಅದರಲ್ಲೇ ಹೋಗುವುದು. ಟೋ ಸೊನ್ನೆ, ಕ್ಯಾಂಬರ್ ಮುಟ್ಟುವುದಿಲ್ಲ. ಬ್ರೇಕ್ ಆಯಿಲ್ ಮಾತ್ರ ಹೊಸದು, ಪ್ಯಾಡ್ ಪರೀಕ್ಷೆ, ಒಂದು ಒಳ್ಳೆಯ ಗಾಳಿ ಅಳತೆಯ ಗೇಜು. ಅಣ್ಣ ಒಪ್ಪಿದ. ಒಂದು ಮಾತು ಮಾತ್ರ ಸೇರಿಸಿದ: ಸಾಮಾನ್ಯ ವಿಮೆಯಲ್ಲಿ ರೇಸು, ವೇಗ ಪರೀಕ್ಷೆ ಇಂಥದ್ದಕ್ಕೆ ಪರಿಹಾರ ಇರುವುದಿಲ್ಲ, ಕಾರು ನಜ್ಜುಗುಜ್ಜಾದರೆ ಅದು ಮನೆಯ ನಷ್ಟ ಅನ್ನೋದು ತಲೆಯಲ್ಲಿರಲಿ.

ಅವನು ಹೋಗಿ ಬಂದ. ಗೇಜು ಕೊಂಡದ್ದು ಸಾರ್ಥಕವಾಯಿತು. ಟೈರ್ ಬಿಸಿಯಾದ ಹಾಗೆ ಒಳಗಿನ ಗಾಳಿ ಹಿಗ್ಗುತ್ತದೆ. ಸುಮಾರು ಐದಾರು ಡಿಗ್ರಿ ಸೆಲ್ಸಿಯಸ್‌ಗೆ ಒಂದು ಪಿ.ಎಸ್.ಐ. ಲೆಕ್ಕ. ಜೋರಾಗಿ ನಾಲ್ಕೈದು ಸುತ್ತು ಹೊಡೆದರೆ ಐದಾರು ಪಿ.ಎಸ್.ಐ. ಏರಿರುತ್ತದೆ. ಹಾಗಂತ ಮೊದಲೇ ಬಹಳ ಇಳಿಸಿದರೆ ಟೈರಿನ ಪಕ್ಕದ ಗೋಡೆಯೇ ಮಡಚಿ ನೆಲಕ್ಕೆ ಉಜ್ಜುತ್ತದೆ. ಎಷ್ಟು ಸರಿ ಅಂತ ತಿಳಿಯುವ ಉಪಾಯ ಬಹಳ ಸರಳ. ಟೈರಿನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದಲ್ಲಿ ಗೀಟು ಎಳೆಯಿರಿ. ಸುತ್ತು ಮುಗಿಸಿ ಬಂದು ನೋಡಿದರೆ ಎಲ್ಲಿಯವರೆಗೆ ಸುಣ್ಣ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ನೆಲ ಮುಟ್ಟಿದೆ. ಪಕ್ಕದ ಗೋಡೆಯ ಸುಣ್ಣವೂ ಹೋಗಿದ್ದರೆ ಎರಡು ಪಿ.ಎಸ್.ಐ. ಸೇರಿಸಬೇಕು. ಇವನ ಕಾರಿನಲ್ಲಿ ಮುಂದಿನ ಎಡಗಡೆಯ ಟೈರಿನ ಹೊರಅಂಚು ಉಳಿದ ಮೂರಕ್ಕಿಂತ ಹೆಚ್ಚು ಸವೆದಿತ್ತು. ಕ್ಯಾಂಬರ್ ಬೋಲ್ಟ್ ಹಾಕಿದರೆ ಎಷ್ಟು ಬೇಕು ಅನ್ನೋದು ಈಗ ಅವನಿಗೆ ಗೊತ್ತು: ಒಂದೂವರೆ ಡಿಗ್ರಿ, ಅದಕ್ಕಿಂತ ಹೆಚ್ಚು ಬೇಡ, ಹಾಸನದ ದಾರಿ ಇದೆ.

ಹೊರಡುವ ಮುಂಚೆ ಅವನು ಟೈರ್ ತಣ್ಣಗಾಗುವವರೆಗೆ ಕಾದು, ಇಳಿಸಿದ್ದ ಗಾಳಿಯನ್ನು ಮತ್ತೆ ತುಂಬಿಸಿಕೊಂಡೇ ಹೆದ್ದಾರಿಗೆ ಬಂದನಂತೆ. ಅಣ್ಣನಿಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟ ಸುದ್ದಿ ಅದು. ಕಮ್ಮಿ ಗಾಳಿಯ ಟೈರ್ ದೂರದ ಓಟದಲ್ಲಿ ಒಳಗೊಳಗೇ ಕಾದು ಸಿಡಿಯಬಹುದು, ಮಳೆ ಬಂದರೆ ನೀರಿನ ಮೇಲೆ ಬೇಗ ತೇಲುತ್ತದೆ.

ಟ್ರ್ಯಾಕಿಗೆ ಹೋಗದ ನಮ್ಮಂಥವರಿಗೂ ಇದರಲ್ಲಿ ಪಾಲಿದೆ. ಬೇಲೂರು, ಹಳೇಬೀಡಿಗೆ ಕುಟುಂಬ ಸಮೇತ ಕಾರಿನಲ್ಲಿ ಬರುವವರು ಟೈರಿನ ಗೀರಿನ ಒಳಗೆ ಅಡ್ಡಲಾಗಿರುವ ಸಣ್ಣ ದಿಬ್ಬಗಳನ್ನು ಹುಡುಕಿ. ಅವು 1.6 ಮಿ.ಮೀ. ಎತ್ತರ. ಟೈರ್ ಸವೆದು ಆ ಮಟ್ಟಕ್ಕೆ ಬಂದಿದ್ದರೆ ಅದರ ಆಯಸ್ಸು ಮುಗಿಯಿತು. ಮಳೆಗಾಲದಲ್ಲಿ ಅಲ್ಲಿಯವರೆಗೂ ಕಾಯಬೇಡಿ. ಸ್ಟೆಪ್ನಿಗೂ ಗಾಳಿ ನೋಡಿಸಿ. ಗಾಳಿ ಹಿಡಿಸೋದು ಬೆಳಗ್ಗೆ ಹೊರಡುವಾಗ, ಟೈರ್ ತಣ್ಣಗಿರುವಾಗ ಆಗಲಿ. ಬೇಲೂರು ತಲುಪುವ ಹೊತ್ತಿಗೆ ಅದು ಬಿಸಿಯಾಗಿರುತ್ತದೆ, ಆಗ ಗೇಜು ತೋರಿಸುವ ಅಂಕಿ ನಂಬಿ ಗಾಳಿ ಬಿಟ್ಟರೆ ವಾಪಸ್ ಬರುವ ದಾರಿಗೆ ಕಮ್ಮಿಯಾಗುತ್ತದೆ.